ಚಳಿಗಾಲದ ಕೈತೋಟ: ಮಳೆ ಬಿಟ್ಟ ಮೇಲಿನ ತೊಂಬತ್ತು ದಿನ

(ಸಂಘದ ಮಾಸಿಕ ಸಭೆಯಲ್ಲಿ ಓದಿ ಚರ್ಚಿಸಬೇಕಾದ ಪಾಠ)



ಈ ಸಲದ ಪಾಠ ಕೈತೋಟದ ಬಗ್ಗೆ. "ಕೈತೋಟ ಮಾಡೋದು ನಮಗೆ ಹೇಳಿಕೊಡಬೇಕಾ?" ಅಂತ ನೀವು ಕೇಳಬಹುದು. ನಿಜ, ಮಲೆನಾಡಿನ ಹೆಂಗಸಿಗೆ ಹಿತ್ತಲು ಹೊಸದಲ್ಲ. ಮಳೆಗಾಲದಲ್ಲಿ ಕೆಸು, ಬಸಳೆ, ಹೀರೆ, ಸೌತೆ ನಮ್ಮ ಹಿತ್ತಲಲ್ಲೇ ಇರುತ್ತವೆ. ಬೇಸಿಗೆಗೆ ಕೊಯ್ಲಾದ ಗದ್ದೆಯಲ್ಲಿ ಹರಿವೆ, ಬೆಂಡೆ, ಬದನೆ ಹಾಕ್ತೀವಿ. ಆದರೆ ಇವೆರಡರ ನಡುವೆ, ನವೆಂಬರಿನಿಂದ ಫೆಬ್ರವರಿವರೆಗೆ, ತುಂಬಾ ಮನೆಗಳ ಹಿತ್ತಲು ಖಾಲಿ ಬಿದ್ದಿರುತ್ತದೆ. ಅದೇ ತಿಂಗಳಲ್ಲಿ ಸಂತೆ ಚೀಲದಲ್ಲಿ ಮನೆಗೆ ಬರುವುದೇನು? ಎಲೆಕೋಸು, ನವಿಲುಕೋಸು, ಮೂಲಂಗಿ, ಕ್ಯಾರೆಟ್, ಬೀಟ್ರೂಟ್, ಬೀನ್ಸ್. ಇವೆಲ್ಲ ಚಳಿ ಬೇಡುವ ಬೆಳೆಗಳು. ನಮ್ಮ ಮನೆ ಬಾಗಿಲಿಗೇ ಚಳಿ ಬಂದಿದೆ, ನಾವು ಮಾತ್ರ ಬಯಲುಸೀಮೆಯಿಂದ ಬಂದ ತರಕಾರಿಗೆ ದುಡ್ಡು ಕೊಡ್ತಾ ಇದ್ದೇವೆ.

1. ಈ ವಿಷಯ ಈಗ ಯಾಕೆ?

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಕಡೆಯ ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ದಶಕಗಳಿಂದ ಇದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಸೇರಿಕೊಂಡಿದೆ. ತೋಟ ಇದ್ದವರ ಕೈಯಲ್ಲೇ ಹಣ ಓಡಾಡದಿದ್ದರೆ ಅಲ್ಲಿ ಕೂಲಿಗೆ ಹೋಗುವವರ ಪಾಡೇನು? ಖರ್ಚು ಕಡಿಮೆ ಮಾಡಬೇಕು ಅಂದಾಗ ಮನೆಯಲ್ಲಿ ಮೊದಲು ಕೈ ಬೀಳುವುದು ತರಕಾರಿ ಮೇಲೆ. ಅಕ್ಕಿ ಬಿಡೋಕಾಗಲ್ಲ, ಮಕ್ಕಳ ಬಸ್ಸಿನ ದುಡ್ಡು ಬಿಡೋಕಾಗಲ್ಲ, ಸಂಘದ ಕಂತು ಬಿಡೋಕಾಗಲ್ಲ. ಪಲ್ಯ ಬಿಡಬಹುದು, ಸಾರಿನಲ್ಲೇ ಊಟ ಮುಗಿಸಬಹುದು.

ಹಾಗೆ ಬಿಟ್ಟದ್ದರ ಲೆಕ್ಕ ನಮ್ಮ ಮೈಯಲ್ಲೇ ಕಾಣುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇದೆ. ಇಪ್ಪತ್ತು ಜನರ ಸಂಘ ಅಂದರೆ ಹತ್ತಿರ ಹತ್ತಿರ ಹತ್ತು ಜನ! ಕೂತಲ್ಲೇ ಒಮ್ಮೆ ಸುತ್ತ ನೋಡಿಕೊಳ್ಳಿ.

2. ಚಳಿ ನಮ್ಮ ಶತ್ರುವಲ್ಲ

"ಚಳಿಗೆ ಗಿಡ ಏಳೋದೇ ಇಲ್ಲ" ಅಂತ ಹೇಳುವವರಿದ್ದಾರೆ. ಬೆಂಡೆ, ಹರಿವೆ, ಸೌತೆ ಬಗ್ಗೆ ಈ ಮಾತು ಸರಿ. ಅವು ಸೆಕೆಯ ಬೆಳೆಗಳು, ಚಳಿಯಲ್ಲಿ ಕುಗ್ಗಿ ಕೂರುತ್ತವೆ. ಕೋಸು, ಮೂಲಂಗಿ, ಕ್ಯಾರೆಟ್, ಬಟಾಣಿಯ ಜಾತಿ ಬೇರೆ. ಇವು ತಂಪು ದೇಶಗಳಲ್ಲಿ ಹೆಸರಾದ ಬೆಳೆಗಳು. ಯುರೋಪಿನಲ್ಲಿ ಕೋಸಿನ ಕೆಲವು ಜಾತಿ ಹಿಮ ಬಿದ್ದರೂ ತೋಟದಲ್ಲೇ ನಿಂತಿರುತ್ತವೆ. ಊಟಿಯಲ್ಲಿ ಡಿಸೆಂಬರ್-ಜನವರಿಯಲ್ಲಿ ನೆಲದ ಮೇಲೆ ಹಿಮ ಕಟ್ಟುವುದುಂಟು, ಅಲ್ಲಿನ ಜನ ವರ್ಷವಿಡೀ ಇದೇ ತರಕಾರಿ ಬೆಳೀತಾರೆ.

ನಮ್ಮಲ್ಲಿ ಸಾಮಾನ್ಯವಾಗಿ ಹಿಮ ಬೀಳುವುದಿಲ್ಲ. ರಾತ್ರಿ ತಂಪು, ಬೆಳಿಗ್ಗೆ ಇಬ್ಬನಿ, ಮಧ್ಯಾಹ್ನ ಒಳ್ಳೆ ಬಿಸಿಲು. ಈ ಬೆಳೆಗಳಿಗೆ ಇದಕ್ಕಿಂತ ಏನು ಬೇಕು? ಚಳಿ ಹೆಚ್ಚಿದಂತೆ ಇವು ತಮ್ಮೊಳಗಿನ ಪಿಷ್ಟದ ಒಂದು ಭಾಗವನ್ನು ಸಕ್ಕರೆಯಾಗಿ ಮಾಡಿಕೊಳ್ಳುತ್ತವೆ. ಗಿಡಕ್ಕೆ ಅದು ಚಳಿ ತಡೆಯುವ ಉಪಾಯ, ನಮಗೆ ಅದು ರುಚಿ. ಜನವರಿಯ ಕ್ಯಾರೆಟ್ ಸಿಹಿ, ಮೂಲಂಗಿ ಖಾರ ಕಡಿಮೆ. ಅದೇ ಮೂಲಂಗಿಯನ್ನು ಮಾರ್ಚಿನ ಬಿಸಿಲಲ್ಲಿ ಬೆಳೆದರೆ ಖಾರ, ಒಳಗೆಲ್ಲ ಬೆಂಡು.

3. ನಷ್ಟ ಮಾಡುವುದು ಚಳಿಯಲ್ಲ, ತಡ

ಕೆರೆಕಟ್ಟೆ ಜಿಲ್ಲೆಯಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಜೂನಿನಿಂದ ಸೆಪ್ಟೆಂಬರ್ ತನಕ ನೆಲ ಮುಟ್ಟುವ ಹಾಗಿಲ್ಲ. ಅಕ್ಟೋಬರಿನಲ್ಲಿ ಗುಡುಗು ಮಳೆ ಬಂದು ಹೋಗುತ್ತದೆ. ಫೆಬ್ರವರಿ ಮುಗಿಯುವ ಹೊತ್ತಿಗೆ ಬಿಸಿಲು ಏರುತ್ತದೆ, ಹಳ್ಳದ ನೀರು ಸಣ್ಣಗಾಗುತ್ತದೆ. ಎಣಿಸಿದರೆ ಚಳಿ ತರಕಾರಿಗೆ ನಮಗೆ ಸಿಗುವುದು ಸರಿಯಾಗಿ ಮೂರು ತಿಂಗಳು. ಎಲೆಕೋಸಿನ ಸಸಿ ನೆಟ್ಟ ಮೇಲೆ ಎರಡರಿಂದ ಎರಡೂವರೆ ತಿಂಗಳು ಬೇಕು. "ಕೊಯ್ಲು ಮುಗೀಲಿ, ಅಡಿಕೆ ಸುಲಿದಾಗಲಿ" ಅಂತ ಕಾದು ಕ್ರಿಸ್ಮಸ್ ಕಳೆದ ಮೇಲೆ ಸಸಿ ನೆಟ್ಟರೆ ಕೋಸು ಗಡ್ಡೆ ಕಟ್ಟುವಾಗ ಬೇಸಿಗೆ ಬಂದಿರುತ್ತದೆ. ಆಗ ಎಲೆ ಬಿಡಿಸಿಕೊಳ್ಳುತ್ತದೆ, ಹುಳ ಬೀಳುತ್ತದೆ. ತಪ್ಪು ಮಣ್ಣಿನದ್ದೂ ಅಲ್ಲ, ನಿಮ್ಮ ಕೈಗುಣದ್ದೂ ಅಲ್ಲ, ತಾರೀಕಿನದ್ದು.

ಅದಕ್ಕೆ ಈ ಲೆಕ್ಕ ಗೋಡೆಗೆ ಅಂಟಿಸಿಕೊಳ್ಳಿ:

ನವರಾತ್ರಿ ಹೊತ್ತಿಗೆ: ಜಾಗ ಆರಿಸಿ, ಕಳೆ ತೆಗೆದು, ಸುಣ್ಣ ಹಾಕುವುದು.
ಅಕ್ಟೋಬರ್ 10ರಿಂದ 20: ಎಲೆಕೋಸು, ನವಿಲುಕೋಸಿನ ಬೀಜ ಪಾತಿಗೆ.
ನವೆಂಬರ್ 5ರಿಂದ 20: ಸಸಿ ನಾಟಿ. ಕ್ಯಾರೆಟ್, ಬೀಟ್ರೂಟ್, ಬಟಾಣಿ, ಬೀನ್ಸ್, ಮೂಲಂಗಿ, ಮೆಂತ್ಯ, ಕೊತ್ತಂಬರಿ, ಪಾಲಕ್ ನೇರ ಬಿತ್ತನೆ. ಬೆಳ್ಳುಳ್ಳಿ ಎಸಳು ಊರುವುದು.
ಡಿಸೆಂಬರ್ ಕೊನೆವರೆಗೆ 15 ದಿನಕ್ಕೊಮ್ಮೆ: ಮೂಲಂಗಿ, ಮೆಂತ್ಯ, ಕೊತ್ತಂಬರಿ ಸ್ವಲ್ಪ ಸ್ವಲ್ಪ ಮತ್ತೆ ಬಿತ್ತುವುದು.
ಕ್ರಿಸ್ಮಸ್ ಒಳಗೆ: ಮೊದಲ ಸೊಪ್ಪು, ಮೊದಲ ಮೂಲಂಗಿ.
ಸಂಕ್ರಾಂತಿ ಹೊತ್ತಿಗೆ: ನವಿಲುಕೋಸು, ಬೀನ್ಸ್, ಆಮೇಲೆ ಬೀಟ್ರೂಟ್.
ಜನವರಿ ಕೊನೆ, ಫೆಬ್ರವರಿ: ಎಲೆಕೋಸು, ಬಟಾಣಿ, ಕ್ಯಾರೆಟ್.

ನವೆಂಬರ್ ಕೊನೆಗೆ ಬಂದರೂ ಏನೂ ಮಾಡಿಲ್ಲ ಅನ್ನುವವರು ಕೈ ಬಿಡಬೇಡಿ. ಎಲೆಕೋಸು, ಕ್ಯಾರೆಟ್ ಈ ವರ್ಷಕ್ಕೆ ಬೇಡ. ಮೂಲಂಗಿ, ಮೆಂತ್ಯ, ಕೊತ್ತಂಬರಿ, ಪಾಲಕ್ ಮಾತ್ರ ಬಿತ್ತಿ. ಎಲ್ಲಾದರೂ ಸಸಿ ಸಿಕ್ಕರೆ ನವಿಲುಕೋಸು ನೆಡಿ. ಇವೆಲ್ಲ 30ರಿಂದ 60 ದಿನದ ಬೆಳೆಗಳು.

4. ಜಾಗ ಮತ್ತು ಮಣ್ಣು

ಮೊದಲು ಬಿಸಿಲು ನೋಡಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಮರದ ನೆರಳು, ಮನೆಯ ನೆರಳು ಉತ್ತರಕ್ಕೆ ಉದ್ದವಾಗಿ ಬೀಳುತ್ತದೆ. ಮೇ ತಿಂಗಳಲ್ಲಿ ಬಿಸಿಲಿದ್ದ ಜಾಗ ಡಿಸೆಂಬರಿನಲ್ಲಿ ನೆರಳಾಗಿರಬಹುದು. ಮನೆಯ ಪೂರ್ವಕ್ಕೋ ದಕ್ಷಿಣಕ್ಕೋ ದಿನಕ್ಕೆ ಆರು ತಾಸು ಬಿಸಿಲು ಬೀಳುವ ಜಾಗ ಹುಡುಕಿ. ಅಡಿಕೆ ಮರದ ಬುಡದಲ್ಲಿ ಸೊಪ್ಪು ಬಂದೀತು, ಗಡ್ಡೆ ಬಾರದು.

ಎರಡನೆಯದು ಸುಣ್ಣ. ಇಷ್ಟು ಮಳೆಗೆ ಮಣ್ಣಿನ ಸುಣ್ಣದ ಅಂಶ ತೊಳೆದು ಹೋಗಿ ಮಣ್ಣು ಹುಳಿಯಾಗಿರುತ್ತದೆ. ಕೋಸು, ಬೀಟ್ರೂಟ್, ಪಾಲಕ್ ಹುಳಿ ಮಣ್ಣಿಗೆ ಒಗ್ಗುವುದಿಲ್ಲ. ಒಂದು ಸೆಂಟ್ ಜಾಗಕ್ಕೆ 8ರಿಂದ 10 ಕಿಲೋ ಕೃಷಿ ಸುಣ್ಣ ಎರಚಿ ಮಣ್ಣಿಗೆ ಬೆರೆಸಿ. ಗೊಬ್ಬರವನ್ನು ಅದರ ಜೊತೆಗೇ ಹಾಕಬೇಡಿ, ಸಾರಜನಕ ಗಾಳಿಗೆ ಹಾರಿ ಹೋಗುತ್ತದೆ. ಹದಿನೈದು ದಿನ ಬಿಟ್ಟು ಹಾಕಿ. ಸುಣ್ಣ ತರಲು ಆಗದವರು ಬಚ್ಚಲ ಒಲೆಯ ಬೂದಿ ಕೂಡಿಡಿ, ಅದೂ ಹುಳಿ ತೆಗೆಯುತ್ತದೆ, ಜೊತೆಗೆ ಪೊಟ್ಯಾಷ್ ಕೊಡುತ್ತದೆ. ಪ್ಲಾಸ್ಟಿಕ್ ಸುಟ್ಟ ಬೂದಿ ಮಾತ್ರ ಬೇಡವೇ ಬೇಡ. ಮಣ್ಣು ಪರೀಕ್ಷೆ ಮಾಡಿಸಬೇಕೆನ್ನುವವರು ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಮೂರನೆಯದು ಏರು ಮಡಿ. 3 ಅಡಿ ಅಗಲ, 10 ಅಡಿ ಉದ್ದ, ಮುಕ್ಕಾಲು ಅಡಿ ಎತ್ತರ. ಎರಡೂ ಕಡೆಯಿಂದ ಕೈ ಎಟುಕಬೇಕು, ಮಡಿಯ ಮೇಲೆ ಕಾಲಿಡಬಾರದು. ಮಡಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಹಸಿ ಗೊಬ್ಬರ ಹಾಕಿದರೆ ಕ್ಯಾರೆಟ್, ಮೂಲಂಗಿ ಕವಲೊಡೆಯುತ್ತವೆ. ಒಂದು ಸೆಂಟಿನಲ್ಲಿ ಓಡಾಡುವ ದಾರಿ ಬಿಟ್ಟು ಇಂಥ ಎಂಟು ಮಡಿ ಆಗುತ್ತವೆ. ಒಂದು ಸಂಸಾರಕ್ಕೆ ಅಷ್ಟು ಧಾರಾಳ. ಸ್ವಂತ ಜಾಗ ಇಲ್ಲದವರು, ಲೈನ್ ಮನೆಯಲ್ಲಿರುವವರು ಸಿಮೆಂಟ್ ಚೀಲ ತೊಳೆದು, ತಳಕ್ಕೆ ತೂತು ಮಾಡಿ, ಮಣ್ಣು-ಗೊಬ್ಬರ ತುಂಬಿ ಬೆಳೆಯಬಹುದು. ನವಿಲುಕೋಸು, ಪಾಲಕ್, ಮೆಂತ್ಯಕ್ಕೆ ಚೀಲ ಧಾರಾಳವಾಯಿತು.

5. ಎಂಟು ಮಡಿ, ಯಾವುದರಲ್ಲಿ ಏನು?

ನವಿಲುಕೋಸು (ಎರಡು ಮಡಿ): ಹೊಸಬರು ಇದರಿಂದಲೇ ಶುರು ಮಾಡಿ. ಎಲೆಕೋಸಿನಷ್ಟು ಮೊಂಡು ಅಲ್ಲ. ಗಿಡದಿಂದ ಗಿಡಕ್ಕೆ ಮುಕ್ಕಾಲು ಅಡಿ. ನೆಟ್ಟ 45ರಿಂದ 60 ದಿನಕ್ಕೆ ಕೊಯ್ಲು. ಗಡ್ಡೆ ಟೆನಿಸ್ ಚೆಂಡಿನಷ್ಟು ಆದಾಗಲೇ ಕೊಯ್ಯಿರಿ, ಬಿಟ್ಟರೆ ನಾರಾಗುತ್ತದೆ. ವೈಟ್ ವಿಯೆನ್ನಾ ಹಳೇ ನಂಬಿಕೆಯ ತಳಿ.

ಎಲೆಕೋಸು (ಒಂದು ಮಡಿ): ಒಂದೂವರೆ ಅಡಿ ಅಂತರ, ಮಡಿಗೆ 12-13 ಗಿಡ. ಮನೆಗೆ ಅಷ್ಟು ಸಾಕು. ಗೋಲ್ಡನ್ ಏಕರ್ ಬೇಗ ಬರುವ, ಸಣ್ಣ ಗಡ್ಡೆಯ ತಳಿ, ನಮ್ಮ ತೊಂಬತ್ತು ದಿನಕ್ಕೆ ಹೊಂದುತ್ತದೆ.

ಮೂಲಂಗಿ (ಒಂದು ಮಡಿ): 40-45 ದಿನ. ಇಡೀ ಮಡಿ ಒಂದೇ ದಿನ ಬಿತ್ತಬೇಡಿ. ಹಾಗೆ ಮಾಡಿದರೆ ಒಂದು ವಾರ ಮೂಲಂಗಿಯೇ ಮೂಲಂಗಿ, ಆಮೇಲೆ ಏನೂ ಇಲ್ಲ. ಮೂರು ಭಾಗ ಮಾಡಿ 15 ದಿನಕ್ಕೊಂದು ಭಾಗ ಬಿತ್ತಿ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ನಿಶಾಂತ್ ಒಳ್ಳೆಯ ತಳಿ.

ಕ್ಯಾರೆಟ್ ಮತ್ತು ಬೀಟ್ರೂಟ್ (ಒಂದು ಮಡಿ, ಅರ್ಧರ್ಧ): ಕ್ಯಾರೆಟ್ ಬೀಜ ಸಣ್ಣದು, ಮರಳು ಬೆರೆಸಿ ಬಿತ್ತಿ. ಮೊಳಕೆಗೆ ಹತ್ತು-ಹದಿನೈದು ದಿನ ಬೇಕು, ಹುಟ್ಟಲಿಲ್ಲ ಅಂತ ಕೆದಕಬೇಡಿ. ನಮ್ಮ ಮಣ್ಣಲ್ಲಿ ಜಂಬಿಟ್ಟಿಗೆ ಕಲ್ಲು ಜಾಸ್ತಿ, ಈ ಮಡಿಯ ಮಣ್ಣನ್ನು ಆರಿಸಿ ಹಾಕಿ. ಬೀಟ್ರೂಟಿನ ಒಂದು "ಬೀಜ" ನಿಜವಾಗಿ ಬೀಜದ ಗೊಂಚಲು, ಎರಡು ಮೂರು ಸಸಿ ಒಟ್ಟಿಗೆ ಏಳುತ್ತವೆ. ಒಂದನ್ನು ಬಿಟ್ಟು ಉಳಿದದ್ದು ಕಿತ್ತು ಸೊಪ್ಪಿನ ಪಲ್ಯಕ್ಕೆ ಹಾಕಿ.

ಬಟಾಣಿ, ಬೀನ್ಸ್ (ಒಂದು ಮಡಿ): ಬಟಾಣಿಗೆ ಹಬ್ಬಲು ಕಡ್ಡಿ ಕೊಡಿ. ಬಿಸಿಲೇರಿದರೆ ಹೂ ಉದುರುತ್ತದೆ, ಆದ್ದರಿಂದ ನವೆಂಬರ್ ಮಧ್ಯ ದಾಟಿಸಬೇಡಿ. ಗಿಡ ಬೀನ್ಸಿಗೆ ಅರ್ಕಾ ಕೋಮಲ್ ಆಗುತ್ತದೆ. ಇವುಗಳ ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ, ಬರುವ ವರ್ಷ ಇದೇ ಮಡಿಯಲ್ಲಿ ಕೋಸು ಹಾಕಿ.

ಸೊಪ್ಪು (ಎರಡು ಮಡಿ): ಮೆಂತ್ಯ ರಾತ್ರಿ ನೆನೆಸಿ ಬಿತ್ತಿ, 25-30 ದಿನಕ್ಕೆ ಕೊಯ್ಲು. ಕೊತ್ತಂಬರಿ ಕಾಳನ್ನು ಉಜ್ಜಿ ಎರಡು ಹೋಳು ಮಾಡಿ, ನೆನೆಸಿ ಬಿತ್ತಿ. ಪಾಲಕ್ ಕೀಳಬೇಡಿ, ಬುಡದ ಮೇಲೆ ಕೊಯ್ಯಿರಿ, ಮತ್ತೆ ಚಿಗುರುತ್ತದೆ. ಅಂಚಿಗೆ ಬೆಳ್ಳುಳ್ಳಿ ಊರಿ.

ಹೂಕೋಸು ಯಾಕೆ ಹೇಳಲಿಲ್ಲ ಅಂತ ಕೇಳ್ತೀರಿ. ಅದರ ತಳಿಗಳಲ್ಲಿ ಒಂದೊಂದಕ್ಕೂ ಒಂದೊಂದು ತಿಂಗಳ ಚಳಿ ಬೇಕು. ತಳಿ ತಪ್ಪಿದರೆ ಹೂ ಗುಂಡಿಯಷ್ಟಕ್ಕೇ ನಿಲ್ಲುತ್ತದೆ, ಇಲ್ಲವೇ ಹೂವೇ ಬರುವುದಿಲ್ಲ. ಒಂದು ವರ್ಷ ಉಳಿದದ್ದರಲ್ಲಿ ಕೈ ಪಳಗಲಿ, ಆಮೇಲೆ ನೋಡೋಣ.

6. ನೀರು, ಇಬ್ಬನಿ, ಹುಳು

ನೀರು ಬೆಳಿಗ್ಗೆ ಕೊಡಿ. ಸಂಜೆ ಕೊಟ್ಟರೆ ಎಲೆಯ ಮೇಲಿನ ನೀರೂ ರಾತ್ರಿಯ ಇಬ್ಬನಿಯೂ ಸೇರಿ ಬೂಜು ರೋಗ ಬರುತ್ತದೆ. ಅಕ್ಟೋಬರಿನ ಪಾತಿಗೆ ಅಡಿಕೆ ಸೋಗೆಯ ಚಪ್ಪರ, ಮಳೆ ಬಂದಾಗ ಮೇಲೊಂದು ಪ್ಲಾಸ್ಟಿಕ್ ಹಾಳೆ ಇರಲಿ. ಹನಿ ಬಡಿದು ಮಣ್ಣು ಒದ್ದೆಯಾಗಿಯೇ ಉಳಿದರೆ ಸಸಿಗಳು ಬುಡದಲ್ಲಿ ಕೊಳೆತು ಬೀಳುತ್ತವೆ.

ಸಿಂಬಳದ ಹುಳ, ಬಸವನಹುಳ ರಾತ್ರಿ ಬರುತ್ತವೆ. ಒದ್ದೆ ಗೋಣಿಚೀಲವನ್ನು ಮಡಿಯ ಪಕ್ಕ ಹಾಸಿಡಿ, ಬೆಳಿಗ್ಗೆ ಎತ್ತಿದರೆ ಅಡಿಯಲ್ಲಿ ಸೇರಿರುತ್ತವೆ, ಹೆಕ್ಕಿ ಉಪ್ಪು ನೀರಿಗೆ ಹಾಕಿ. ಕೋಸಿಗೆ ವಜ್ರಬೆನ್ನಿನ ಪತಂಗದ ಹುಳು ದೊಡ್ಡ ಕಾಟ. ಅದಕ್ಕೆ ಸಾಸಿವೆಯ ಉಪಾಯ ಇದೆ. ಕೋಸಿಗಿಂತ ಹದಿನೈದು ದಿನ ಮೊದಲು ಮಡಿಯ ಸುತ್ತ ಸಾಸಿವೆ ಬಿತ್ತಿದರೆ ಪತಂಗ ಸಾಸಿವೆಗೆ ಹೋಗಿ ಮೊಟ್ಟೆ ಇಡುತ್ತದೆ. ಹುಳು ಬಿದ್ದ ಸಾಸಿವೆ ಗಿಡ ಕಿತ್ತು ನಾಶ ಮಾಡಿ, ಕೋಸಿಗೆ ಬೇವಿನ ಸಾಬೂನು ಅಥವಾ ಬೇವಿನ ಎಣ್ಣೆ ಸಿಂಪಡಿಸಿ. ಎಣ್ಣೆಯಾದರೆ ಲೀಟರ್ ನೀರಿಗೆ 3ರಿಂದ 5 ಮಿಲಿ, ಸ್ವಲ್ಪ ಸೋಪಿನ ನೀರು ಸೇರಿಸಿ. ನಾಳೆ ನಮ್ಮ ಮಕ್ಕಳೇ ತಿನ್ನುವ ಸೊಪ್ಪಿಗೆ ತೋಟಕ್ಕೆ ತಂದು ಉಳಿದ ವಿಷ ಹೊಡೆಯುವುದು ಬೇಡ.

7. ಮಂಗ, ಹಂದಿ ಮತ್ತು ಉಣುಗು

ಕೆರೆಕಟ್ಟೆ ಸುತ್ತಿನ ಹಲವು ಮನೆಗಳು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೋ ಅಂಚಿನಲ್ಲೋ ಇವೆ. ಗಡ್ಡೆಗೆ ಹಂದಿ, ಮುಳ್ಳುಹಂದಿ ಬರುತ್ತವೆ. ಬಟಾಣಿ, ಕ್ಯಾರೆಟ್ ಮಂಗಕ್ಕೆ ಇಷ್ಟ. ಮೆಂತ್ಯ, ಕೊತ್ತಂಬರಿ, ಬೆಳ್ಳುಳ್ಳಿಗೆ ಅವು ಅಷ್ಟಾಗಿ ಕೈ ಹಾಕುವುದಿಲ್ಲ. ಆದ್ದರಿಂದ ಮಂಗನಿಗೆ ಇಷ್ಟವಾದದ್ದು ಅಡುಗೆಮನೆ ಬಾಗಿಲ ಹತ್ತಿರ, ಬೇಡವಾದದ್ದು ದೂರದ ಮಡಿಯಲ್ಲಿ. ಕರಾವಳಿಯಿಂದ ಹಳೇ ಮೀನುಬಲೆ ತರಿಸಿ ಸುತ್ತ ಮತ್ತು ಮೇಲೆ ಕಟ್ಟಿದರೆ ತುಂಬಾ ಉಪಕಾರ. ಉರುಳು ಹಾಕುವುದು, ತಂತಿಗೆ ಕರೆಂಟ್ ಕೊಡುವುದು ಮಾತ್ರ ಕೂಡದು. ಅದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ, ಸಾಲದ್ದಕ್ಕೆ ಸಾಯುವುದು ನಮ್ಮ ಮಕ್ಕಳೂ ಆಗಬಹುದು.

ಇದಕ್ಕಿಂತ ಮುಖ್ಯವಾದ ಮಾತು ಒಂದಿದೆ, ಇದನ್ನು ದಯವಿಟ್ಟು ಎರಡು ಸಲ ಓದಿ. ಮಡಿಗೆ ಮುಚ್ಚಲು, ಗೊಬ್ಬರಕ್ಕೆ ಹಾಸಲು ಈ ತಿಂಗಳುಗಳಲ್ಲೇ ನಾವು ಕಾಡಿಗೆ ಹೋಗಿ ತರಗೆಲೆ ಗುಡಿಸಿ ತರ್ತೇವೆ. ಮಂಗನ ಕಾಯಿಲೆ ಹೆಚ್ಚಾಗಿ ಕಾಣಿಸುವುದೂ ಇದೇ ನವೆಂಬರಿನಿಂದ ಮೇ ತನಕ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ನಮ್ಮ ತಾಲ್ಲೂಕುಗಳಲ್ಲೂ ಜೀವ ತೆಗೆದಿದೆ. ಅದನ್ನು ಹರಡುವ ಉಣುಗಿನ ಮರಿಗಳು ಕೂತಿರುವುದು ಆ ತರಗೆಲೆಯಲ್ಲೇ.

ಆದ್ದರಿಂದ ಮುಚ್ಚಿಗೆಗೆ ಭತ್ತದ ಹುಲ್ಲು, ಅಡಿಕೆ ಸಿಪ್ಪೆ, ಚೂರು ಮಾಡಿದ ಸೋಗೆ, ಕಿತ್ತ ಕಳೆ, ಮನೆಯ ಸುತ್ತ ಸಿಗುವುದನ್ನೇ ಬಳಸಿ. ಕಾಡಿಗೆ ಹೋಗಲೇಬೇಕಾದರೆ ಮೈ ತುಂಬ ಬಟ್ಟೆ ಹಾಕಿ. ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಂಗಡಿ ಮಾತ್ರೆ ನುಂಗಿ ಕೂರಬೇಡಿ. ಆಸ್ಪತ್ರೆಗೆ ಹೋಗಿ "ಕಾಡಿಗೆ ಹೋಗಿದ್ದೆ" ಅಂತ ಬಾಯಿ ಬಿಟ್ಟು ಹೇಳಿ. ಒಂದು ಮಡಿ ಕೋಸಿಗಾಗಿ ಯಾವ ಮನೆಯ ತಾಯಿಯೂ ಹಾಸಿಗೆ ಹಿಡಿಯಬಾರದು.

8. ಬೀಜ: ಇದು ಸಂಘದ ಕೆಲಸ

ಮೆಂತ್ಯ, ಕೊತ್ತಂಬರಿ, ಬಟಾಣಿ, ಬೀನ್ಸ್ ಬೀಜ ನಾವೇ ಉಳಿಸಬಹುದು. ಒಳ್ಳೆಯ ಎರಡು ಮೂರು ಗಿಡಗಳನ್ನು ಕೊಯ್ಯದೆ ಬಿಟ್ಟು, ಒಣಗಿಸಿ, ಬೂದಿ ಬೆರೆಸಿ ಡಬ್ಬಿಯಲ್ಲಿಡಿ. ಎಲೆಕೋಸು, ನವಿಲುಕೋಸು, ಬೀಟ್ರೂಟ್, ನಾಂಟೀಸ್ ಜಾತಿಯ ಕ್ಯಾರೆಟ್ ನಮ್ಮಲ್ಲಿ ಬೀಜ ಕಟ್ಟುವುದಿಲ್ಲ. ಹೂ ಬಿಡಲು ಅವಕ್ಕೆ ವಾರಗಟ್ಟಲೆ ಕೊರೆಯುವ ಚಳಿ ಬೇಕು. ಅವುಗಳ ಬೀಜವನ್ನು ಹಿಮಾಚಲ, ಕಾಶ್ಮೀರದಂಥ ಕಡೆ ಬೆಳೆಸುತ್ತಾರೆ. ಅಂದರೆ ಪ್ರತಿ ವರ್ಷ ಕೊಳ್ಳಬೇಕು.

ಇಲ್ಲಿ ಸಂಘ ಬೇಕು. ಒಬ್ಬಳಿಗೆ ಬೇಕಾದದ್ದು 13 ಎಲೆಕೋಸಿನ ಸಸಿ, ಆದರೆ ಹತ್ತು ಗ್ರಾಂ ಬೀಜದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಾಳು ಇರುತ್ತವೆ. ಒಬ್ಬೊಬ್ಬರೇ ಕೊಂಡರೆ ದಂಡ, ಹತ್ತು-ಇಪ್ಪತ್ತು ಜನ ಸೇರಿ ಕೊಂಡರೆ ತಲೆಗೆ ಕೆಲವೇ ರೂಪಾಯಿ. ನೀರು, ಬಿಸಿಲು ಎರಡೂ ಇರುವ ಒಬ್ಬರ ಮನೆಯಲ್ಲಿ ಸಂಘದ ಪಾತಿ ಮಾಡಿ, ಸರದಿಯಂತೆ ನೋಡಿಕೊಳ್ಳಿ. ನಾಟಿಯ ದಿನವನ್ನೇ ಸಭೆಯ ದಿನ ಮಾಡಿ, ಎಲ್ಲರೂ ಸಸಿ ಹಿಡಿದು ಮನೆಗೆ ಹೋಗಲಿ. ಪೊಟ್ಟಣ ಕೊಳ್ಳುವಾಗ ಅವಧಿ ಮುಗಿಯುವ ತಾರೀಕು ನೋಡಿ.

9. ಬೆಳೆದದ್ದು ಯಾರ ತಟ್ಟೆಗೆ?

ವಾರಕ್ಕೆ ತರಕಾರಿಗೆ 200 ರೂಪಾಯಿ ಹಾಕುವ ಮನೆ ಅಂತಿಟ್ಟುಕೊಳ್ಳಿ. ಅದರಲ್ಲಿ ಅರ್ಧ ಉಳಿದರೂ ಹನ್ನೆರಡು ವಾರಕ್ಕೆ 1,200 ರೂಪಾಯಿ. ಮಿಕ್ಕಿದ್ದನ್ನು ಶೃಂಗೇರಿಯ ಹೋಟೆಲ್‌ಗಳಿಗೆ, ಅಂಗಡಿಗಳಿಗೆ ಕೊಡಬಹುದು, ಬಂದ ಹಣವನ್ನು ಉಳಿತಾಯ ಪುಸ್ತಕದಲ್ಲಿ ಬರೆಸಬಹುದು. ಇದು ಸಂತೋಷವೇ. ಆದರೆ ಒಳ್ಳೆಯದನ್ನೆಲ್ಲ ಮಾರಿ, ಉಳಿದದ್ದನ್ನು ಗಂಡ-ಮಕ್ಕಳಿಗೆ ಬಡಿಸಿ, ಪಾತ್ರೆಯ ತಳ ಕೆರೆದು ನಾವು ಉಂಡರೆ ಕೈತೋಟ ಮಾಡಿ ಏನು ಬಂತು?

ಮೂಲಂಗಿ, ನವಿಲುಕೋಸು, ಬೀಟ್ರೂಟಿನ ಎಳೆ ಎಲೆ ಬಿಸಾಡಬೇಡಿ. ಕಬ್ಬಿಣದ ಅಂಶ ಗಡ್ಡೆಗಿಂತ ಎಲೆಯಲ್ಲೇ ಹೆಚ್ಚು. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಕಬ್ಬಿಣ ಮೈಗೆ ಹತ್ತಲು ಹುಳಿ ಸಹಾಯ ಮಾಡುತ್ತದೆ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಅದು ತಡೆಯುತ್ತದೆ, ಒಂದು ತಾಸು ಬಿಟ್ಟು ಕುಡಿಯಿರಿ. ಒಂದು ಮಾತು ಸ್ಪಷ್ಟ ಇರಲಿ: ರಕ್ತ ಕಡಿಮೆ ಇದೆ ಅಂತ ಡಾಕ್ಟರು ಹೇಳಿದ್ದರೆ ಸೊಪ್ಪೊಂದರಿಂದ ಅದು ಸರಿಹೋಗುವುದಿಲ್ಲ, ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಸೊಪ್ಪು ಮಾತ್ರೆಯ ಜೊತೆಗಾರ, ಬದಲಿ ಅಲ್ಲ.

ಸಭೆಯಲ್ಲಿ ಚರ್ಚಿಸಿ, ನಿರ್ಣಯ ಪುಸ್ತಕದಲ್ಲಿ ಬರೆಯಿರಿ:

1. ಕಳೆದ ಡಿಸೆಂಬರಿನಲ್ಲಿ ನಮ್ಮ ಮನೆಗೆ ವಾರಕ್ಕೆ ಎಷ್ಟು ರೂಪಾಯಿಯ ತರಕಾರಿ ಬಂತು? ಅದರಲ್ಲಿ ಯಾವುದನ್ನು ನಾವೇ ಬೆಳೆಯಬಹುದಿತ್ತು?
2. ಸಂಘದ ಪಾತಿ ಯಾರ ಮನೆಯಲ್ಲಿ? ಬೀಜ ತರುವವರು ಯಾರು? ಯಾವ ತಾರೀಕಿನೊಳಗೆ?
3. ಜಾಗ ಇಲ್ಲದ ಸದಸ್ಯೆಯರಿಗೆ ಚೀಲ, ಮಣ್ಣು, ಗೊಬ್ಬರ ಒದಗಿಸುವುದು ಹೇಗೆ?
4. ಕಾಡಿನ ತರಗೆಲೆ ಬದಲು ನಮ್ಮ ಊರಲ್ಲಿ ಮುಚ್ಚಿಗೆಗೆ ಏನು ಸಿಗುತ್ತದೆ?
5. ಕಳೆದ ಆರು ತಿಂಗಳಲ್ಲಿ ನಮ್ಮಲ್ಲಿ ಎಷ್ಟು ಜನ ರಕ್ತ ಪರೀಕ್ಷೆ ಮಾಡಿಸಿಕೊಂಡಿದ್ದೇವೆ?

ಮನೆಗೆ ಹೋದ ಮೇಲೆ ಮಾಡಬೇಕಾದ ಕೆಲಸ: ನಾಳೆ ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಮೂರಕ್ಕೆ ಹಿತ್ತಲಿಗೆ ಹೋಗಿ ಬಿಸಿಲು ಎಲ್ಲಿ ಬೀಳುತ್ತದೆ ನೋಡಿ, ನಾಲ್ಕು ಗೂಟ ಹೊಡೆದು ಬನ್ನಿ. ಅದೇ ನಿಮ್ಮ ಮೊದಲ ಮಡಿ.